ಅರ್ಧ ಮನೆ ಕೆಳಗೆ

ಅಟ್ಟದಿಂದ ಅಕಾರ್ಡಿಯನ್ ಪೆಟ್ಟಿಗೆಯನ್ನು ಇಳಿಸಿ ಮುಚ್ಚಳ ತೆಗೆದೆ ನೋಡಿ, ನುಸಿಗುಳಿಗೆ, ಹಳೇ ಚರ್ಮ, ಅಪ್ಪನ ತಲೆಯೆಣ್ಣೆ ಎಲ್ಲ ಸೇರಿದ ಒಂದು ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಗುಜರಿ ವಾಸನೆ. ನನಗೆ ಭಾನುವಾರದ ವಾಸನೆ. ಲಕ್ಷ್ಮೀಪುರಂನ ವಠಾರದ ಮನೆಯ ಮುಂಜಗಲಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಈ ಪೆಟ್ಟಿಗೆ ತೆರೆಯುತ್ತಿತ್ತು. ಒಳಗೆ ಅಮ್ಮ ದೊಡ್ಡ ಬಾಣಲೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಅಕಾರ್ಡಿಯನ್ನಿನ ಗಾಳಿಚೀಲ ಈಗ ಮಡಿಕೆ ಮಡಿಕೆಗೂ ಸೀಳಿದೆ. ಎತ್ತಿ ಎಳೆದರೆ ಉಬ್ಬಸದವರ ಹಾಗೆ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ಅದನ್ನು ಇಳಿಸುವ ಪ್ರಮೇಯ ಯಾಕೆ ಬಂತೆಂದರೆ, ರಾಮಕೃಷ್ಣನಗರದ ನಮ್ಮ ಬಡಾವಣೆಯವರು ರಾಜ್ಯೋತ್ಸವಕ್ಕೆ ಹಳೆಯ ‘ಸಂಪಿಗೆ ಆರ್ಕೆಸ್ಟ್ರಾ’ದವರನ್ನು ಕರೆದು ಶಾಲು ಹೊದಿಸಬೇಕು, ಒಂದು ಹಾಡನ್ನೂ ಹಾಡಿಸಬೇಕು ಎಂದು ತೀರ್ಮಾನಿಸಿದರು. ಸಂಪಿಗೆ ಎಂದರೆ ಈಗಿನವರಿಗೆ ಬರೀ ಹೂವು. ಆಗ ಹಾಗಿರಲಿಲ್ಲ. ಮೈಸೂರಿನಲ್ಲಿ ಗಣೇಶನ ಪೆಂಡಾಲು ಹಾಕಿದವರು ಮೊದಲು ಸಂಪಿಗೆಯವರ ದಿನಾಂಕ ಕೇಳಿಕೊಂಡು, ಆಮೇಲೆ ಗಣೇಶನನ್ನು ಬಿಡುವ ದಿನ ಗೊತ್ತು ಮಾಡುತ್ತಿದ್ದರು. ನನ್ನಪ್ಪ ಅದರಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದರು. ಹಗಲು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸ, ಸಂಜೆ ಇದು. ಹಾಡುತ್ತಿದ್ದವರು ಅಪ್ಪನ ಜೀವದ ಗೆಳೆಯ ನಂಜುಂಡ ಮಾವ. ಮಂಡಕಳ್ಳಿಯ ರೈತರ ಮನೆಯವರು, ಪೇಟೆಯ ಜವಳಿ ಅಂಗಡಿಯಲ್ಲಿ ಸೀರೆ ಹರಡಿ ತೋರಿಸುತ್ತಿದ್ದವರು. ಕೊಳಲು ಶಾಂತಪ್ಪನವರದು. ಇನ್ನೂ ಹಲವರಿದ್ದರು, ಆದರೆ ನಮ್ಮ ಮನೆಯ ಜಗಳಕ್ಕೆ ಈ ಮೂವರೇ ಸಾಕಾಗುತ್ತಿದ್ದರು.

ಜಗಳ ಏನೆಂದು ಕೇಳಿ. ಮೂವರಲ್ಲಿ ಯಾರು ದೊಡ್ಡವರು? ನಾನು ಹುಟ್ಟಾ ಅಂಕ ಕೊಡುವ ಜಾತಿಯವಳು. ಆಮೇಲೆ ಸ್ಕೂಲ್ ಮೇಡಂ ಆಗಿ ಸಂಬಳ ತೆಗೆದುಕೊಂಡು ಮಾಡಿದ ಕೆಲಸವನ್ನು ಆಗ ಪುಕ್ಕಟೆಯಾಗಿ ಮಾಡುತ್ತಿದ್ದೆ. ನನ್ನ ಓಟು ನಂಜುಂಡ ಮಾವನಿಗೆ. ಅಣ್ಣನದು ಶಾಂತಪ್ಪನವರಿಗೆ. ಅಪ್ಪನಿಗೆ ನಾವಿಬ್ಬರೂ ಓಟು ಹಾಕಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಬಂದ ಮಾತಲ್ಲ.

ಈಗ ತಣ್ಣಗೆ ಕೂತು ತೂಗಿದರೆ ಮೂವರಿಗೂ ಒಂದೊಂದು ಹುಳುಕಿತ್ತು. ಮಾವನ ಕಂಠಕ್ಕೆ ಸಮನಿಲ್ಲ. ಒಮ್ಮೆ ಕೇಳಿದ ಹಾಡು ಅಲ್ಪವಿರಾಮ ಸಮೇತ ನೆನಪಿರುತ್ತಿತ್ತು. ಆದರೆ ತಾಳದಲ್ಲಿ ಅವಸರ. ಜನ ಚಪ್ಪಾಳೆ ತಟ್ಟಿದರೆ ಸಾಕು, ಬಸ್ಸು ತಪ್ಪಿಹೋಗುವವರಂತೆ ಓಡುತ್ತಿದ್ದರು. ಶಾಂತಪ್ಪನವರ ಉಸಿರು ಎಷ್ಟು ದೀರ್ಘವೆಂದರೆ ನಮಗೆ ಕೇಳಿ ಕೇಳಿಯೇ ಏದುಸಿರು ಬರುತ್ತಿತ್ತು. ಆದರೆ ಅವರಿಗೆ ಮೈಕು ಕಂಡರಾಗದು. ಮೈಕನ್ನು ಅವರ ಮುಂದಕ್ಕೆ ಸರಿಸಿದಷ್ಟೂ ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸುತ್ತಿದ್ದರು. ಇನ್ನು ಅಪ್ಪ. ಅಪ್ಪ ಬಾಯಿ ತೆರೆದು ಹಾಡಿದರೆ ಒಲೆಯ ಮೇಲಿನ ಹಾಲು ಒಡೆಯುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಕೈಚಳಕವೂ ಅಂಥದ್ದೇನಲ್ಲ, ಎದುರು ಬೀದಿಯ ಇನ್ನೊಂದು ಆರ್ಕೆಸ್ಟ್ರಾದವನು ಇವರಿಗಿಂತ ಚುರುಕಾಗಿ ನುಡಿಸುತ್ತಿದ್ದ. ಹಾಡು ಮುಗಿದಾಗ ಜನ ‘ಒನ್ಸ್ ಮೋರ್’ ಎಂದು ಕೂಗಿದ್ದು ಮಾವನಿಗೆ, ಅಪ್ಪನಿಗಲ್ಲ. ಹೀಗೆ ಲೆಕ್ಕ ಹಾಕಿ ನಾನು ಅಪ್ಪನನ್ನು ಜಸ್ಟ್ ಪಾಸ್ ಮಾಡಿ ಬಿಟ್ಟಿದ್ದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಸಂಗೀತದವರು ಶ್ರುತಿಯನ್ನು ಮನೆಯಲ್ಲಿ ಅಳೆಯುತ್ತಾರೆ. ಹಾರ್ಮೋನಿಯಂನ ಬಿಳಿಯ ಪಟ್ಟಿ ಪೂರ್ತಿ ಮನೆ, ಕರಿಯದು ಅರ್ಧ ಮನೆ. ಹಾಡುಗಾರನ ಕಂಠ ಎಷ್ಟು ಎತ್ತರದಲ್ಲಿ ನಿಲ್ಲುತ್ತದೋ ಅದು ಅವನ ಮನೆ. ನಂಜುಂಡ ಮಾವನ ಮನೆ ಎರಡೂವರೆ. ಗಂಡು ಕಂಠಕ್ಕೆ ಅದು ಎತ್ತರವೇ. ಅವರು ಅದನ್ನು ಹೇಳಿಕೊಳ್ಳುತ್ತಿದ್ದ ಠೀವಿ ನೋಡಬೇಕಿತ್ತು. ಬಾಡಿಗೆ ಮನೆಯಲ್ಲಿದ್ದ ಮನುಷ್ಯ, “ನಂದು ಎರಡೂವರೆ ಮನೆ ಕಣಪ್ಪ” ಎಂದರೆ ಹೊಸಬರು ಮೂರನೆಯದಕ್ಕೆ ಪಾಯ ತೋಡಿದ್ದಾರೆಂದೇ ತಿಳಿಯುತ್ತಿದ್ದರು.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅಪ್ಪ ನನಗೆ ಹಾರ್ಮೋನಿಯಂ ಹೇಳಿಕೊಟ್ಟಿದ್ದರು. ಒಂದು ಭಾನುವಾರ ಅಭ್ಯಾಸ ನಡೆಯುತ್ತಿದ್ದಾಗ ನಾನು ಒಳಗೆ ಕೂತು ಮೆಲ್ಲಗೆ ಜೊತೆ ಹಿಡಿಯಲು ನೋಡಿದೆ. ಎಲ್ಲೋ ಎಡವಟ್ಟು. ಎರಡೂವರೆ ಹಿಡಿದರೆ ಕರ್ಕಶವಾಗಿ ಕೇಳುತ್ತಿದೆ. ಎರಡಕ್ಕೆ ಇಳಿಸಿದೆ, ಸರಿಯಾಗಿ ಕೂತಿತು. ಎಲ್ಲರೂ ಹೋದ ಮೇಲೆ ಅಪ್ಪನನ್ನು ಕೇಳಿದೆ. ಅಪ್ಪ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

“ಶ್! ಅವನ ಮುಂದೆ ಬಾಯ್ ಬುಟ್ಟೀಯ, ಜೋಕೆ.”

“ಮಾವನಿಗೆ ಗೊತ್ತಿಲ್ವಾ ಅಪ್ಪ?”

“ಗೊತ್ತಾದ್ರೆ ಹಾಡೋದೇ ಬಿಟ್ಬುಡ್ತಾನೆ ಕಣೇ. ಕಂಠ ಕೆಳಗೆ ಬಂದ್ರೂ ಅವನ ಧೈರ್ಯ ಎಲ್ಲಿತ್ತೋ ಅಲ್ಲೇ ಇರಬೇಕು.”

ಅಪ್ಪನ ಉಪಾಯ ಆಮೇಲೆ ನನಗೆ ಒಂದೊಂದಾಗಿ ಕಂಡಿತು. ಹಾಡುಗಳ ನಡುವೆ ನಿರೂಪಕ ನಗೆಹನಿ ಹೇಳುತ್ತಿದ್ದನಲ್ಲ, ಅವನಿಗೆ ಇನ್ನೂ ಎರಡು ಹೇಳು ಎಂದು ಅಪ್ಪ ಕಣ್ಣು ಮಾಡುತ್ತಿದ್ದರು. ಜನ ನಗುತ್ತಿರುವಾಗ ಹಿಂದಿನ ಹಾಡಿನ ಶ್ರುತಿ ಕಿವಿಯಿಂದ ಆರಿಹೋಗುತ್ತದೆ. ಆಗ ಅಪ್ಪ ಎಡಗಿವಿಯ ಹಾಲೆಯನ್ನು ಒಮ್ಮೆ ತಿಕ್ಕಿಕೊಳ್ಳುತ್ತಿದ್ದರು. ಅದು ಸನ್ನೆ. ಶಾಂತಪ್ಪನವರು ಚೀಲದಿಂದ ಬೇರೆ ಕೊಳಲು ತೆಗೆಯುತ್ತಿದ್ದರು, ಗಿಟಾರಿನವನು ಕೈ ಸರಿಸಿಕೊಳ್ಳುತ್ತಿದ್ದ. ಅಪ್ಪ ಅಕಾರ್ಡಿಯನ್ನಿನಲ್ಲಿ ಊರೆಲ್ಲ ಸುತ್ತಿ ಬರುವ ಒಂದು ಪೀಠಿಕೆ ನುಡಿಸಿ, ಮಾವನನ್ನು ಅರ್ಧ ಮನೆ ಕೆಳಗೆ ಮೆಲ್ಲಗೆ ಇಳಿಸುತ್ತಿದ್ದರು. ವರ್ಷಗಳು ಉರುಳಿದಂತೆ ಎರಡು ಹೋಗಿ ಒಂದೂವರೆ ಆಯಿತು, ಒಂದೂವರೆ ಹೋಗಿ ಒಂದಾಯಿತು. ಮಾವ ಪ್ರತಿ ಕಾರ್ಯಕ್ರಮವಾದ ಮೇಲೂ ಎದೆ ತಟ್ಟಿಕೊಂಡು, “ನೋಡುದ್ರಾ, ಅದೇ ಎರಡೂವರೆ!” ಎನ್ನುತ್ತಿದ್ದರು. ಅಪ್ಪ, “ಕದಲಲಿಲ್ಲ ಕಣಯ್ಯ” ಎನ್ನುತ್ತಿದ್ದರು. ಇಡೀ ತಂಡ ಉಪ್ಪಿಟ್ಟಿನ ತಟ್ಟೆ ನೋಡುತ್ತಿತ್ತು. ಪಾಪ ಮಾವ, ಏನೂ ತಿಳಿಯದು ಎಂದು ನಾನು ಮರುಗಿದ್ದೇ ಮರುಗಿದ್ದು.

ಶಾಂತಪ್ಪನವರು ತೀರಿಕೊಂಡರು. ಆರ್ಕೆಸ್ಟ್ರಾ ನಿಂತಿತು. ಅಮ್ಮ ಹೋದ ಮೇಲೆ ಅಪ್ಪ ನನ್ನ ಜೊತೆ ರಾಮಕೃಷ್ಣನಗರಕ್ಕೆ ಬಂದರು, ಮಾವ ಮಗನ ಜೊತೆ ಮಂಡಕಳ್ಳಿಗೆ ಹೋದರು. ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಆರತಕ್ಷತೆಯಲ್ಲಿ ಯಾರೋ ಬಲವಂತ ಮಾಡಿ ಮಾವನನ್ನು ವೇದಿಕೆಗೆ ಹತ್ತಿಸಿದರು. ಕೀಬೋರ್ಡಿನ ಹುಡುಗ, “ಅಂಕಲ್, ನಿಮ್ದು ಯಾವ ಮನೆ?” ಎಂದ. ಮಾವ, “ಎರಡೂವರೆ” ಎಂದರು. ಅವನು ಕೇಳಿದ್ದನ್ನು ಕೊಟ್ಟ. ಅವನ ತಪ್ಪೇನೂ ಇಲ್ಲ. ಎರಡನೇ ಚರಣದಲ್ಲಿ ಒಂದು ಏರು ಬರುತ್ತದೆ, ಅಲ್ಲಿ ಮಾವನ ಕಂಠ ಒಡೆದು, ದನಿಯೇ ಹೊರಡದೆ, ಅರ್ಧ ಹಾಡಿಗೆ ಮೈಕು ಇಟ್ಟು ಇಳಿದುಬಂದರು. ಊಟಕ್ಕೂ ನಿಲ್ಲಲಿಲ್ಲ. ಅಂದಿನಿಂದ ಬಚ್ಚಲುಮನೆಯಲ್ಲಿ ಕೂಡ ಗುನುಗಿಲ್ಲವೆಂದು ಅವರ ಸೊಸೆ ಹೇಳುತ್ತಿದ್ದಳು.

ಹೀಗಿರುವಾಗ ಬಡಾವಣೆಯವರ ಆಹ್ವಾನ ಬಂತು. ಮಾವ ಫೋನಿನಲ್ಲಿ, ಗಂಟಲು ಸರಿ ಇಲ್ಲ, ಶಾಲು ಮನೆಗೇ ಕಳಿಸಿ ಎಂದುಬಿಟ್ಟರು. ಅಪ್ಪ ಅಂದು ಊಟ ಸರಿಯಾಗಿ ಮಾಡಲಿಲ್ಲ. ಎಂಬತ್ತು ದಾಟಿದ ಅಪ್ಪನ ಬೆರಳು ಈಗ ತಟ್ಟೆಯ ಅನ್ನ ಕಲೆಸುವಾಗಲೂ ನಡುಗುತ್ತದೆ.

“ನೀನು ಹೋಗಿ ಕರ್ಕೊಂಡ್ ಬಾ. ನಾವಿಬ್ರೂ ಇರೋವಾಗ ಅವನು ಇನ್ನೊಂದ್ಸಲ ಹಾಡ್ಬೇಕು. ಆ ಮದುವೆ ಮನೇದೇ ಕೊನೇದು ಅಂತ ಆಗ್ಬಾರ್ದು. ಹಾರ್ಮೋನಿಯಂ ನೀನೇ ಹಿಡ್ಕೊ, ಒಂದಕ್ಕೆ ಹಾಕು. ಹೇಳ್ಬೇಡ.”

ಮಂಡಕಳ್ಳಿಯ ಮನೆಯಂಗಳದಲ್ಲಿ ಮಾವ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ತಲೆಯ ಮೇಲೆ ವಿಮಾನವೊಂದು ಗುಡುಗುತ್ತಾ ಹೋಗಿ ಪಕ್ಕದ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಮಾವ ಅತ್ತ ಕೈ ತೋರಿಸಿದರು.

“ಅಲ್ಲಿ ಇಳೀತಲ್ಲ, ಆ ಜಾಗದಾಗೇ ಎಮ್ಮೆ ಕಾಯ್ತಾ ಪದ ಆಡ್ತಿದ್ದೆ ಕಣವ್ವ. ಈಗ ಅದು ಮೇಲಿಂದ ಕೆಳಕ್ಕೆ ಬತ್ತದೆ, ನಾನೂ ಅಂಗೇ ಬಂದೆ” ಎಂದು ನಕ್ಕರು.

ನಾನು ತಯಾರಾಗಿ ಹೋಗಿದ್ದ ಸುಳ್ಳನ್ನೆಲ್ಲ ಸುರಿದೆ. “ನಿಮ್ಮ ಎರಡೂವರೆ ಮನೆ ಎಲ್ಲಿ ಹೋಗುತ್ತೆ ಮಾವ, ಆ ಹುಡುಗನಿಗೆ ನುಡಿಸೋಕೆ ಬರಲಿಲ್ಲ ಅಷ್ಟೇ” ಎಂದೆ.

ಮಾವ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟರು. “ನಿಮ್ಮಪ್ಪ ಏಳ್ಕೊಟ್ಟು ಕಳಿಸಿದ್ದಾನೆ. ಆ ಹುಡುಗನ್ನ ಯಾಕ್ ಬೈತೀಯ? ಅವತ್ತು ನನ್ನ ಬಾಯಿಗೆ ಒಂದು ಮನೆ ಅನ್ನೋದು ಬರಲಿಲ್ಲ, ಎರಡೂವರೆ ಅಂದ್ಬುಟ್ಟೆ. ನನಗೆ ಗೊತ್ತಿಲ್ಲ ಅನ್ಕೊಂಡಿದ್ದೀಯ?”

“ಹೇಗೆ ಗೊತ್ತಾಯ್ತು ಮಾವ?” ಎಂದೆ.

“ಕಿವಿಗೆ ಮೋಸ ಮಾಡ್ಬೌದು. ಕಣ್ಣಿಗೇನಾಗಿತ್ತು? ವರ್ಸ ವರ್ಸ ಶಾಂತಪ್ಪನ ಕೊಳಲು ಉದ್ದ ಆಯ್ತಾ ಬಂತು ಕಣವ್ವ!”

ದೇವರೇ! ಕೊಳಲು ಉದ್ದವಾದಷ್ಟೂ ಶ್ರುತಿ ತಗ್ಗು. ಕಿವಿಯ ಹಾಲೆ, ನಗೆಹನಿ, ಪೀಠಿಕೆ, ಅಷ್ಟೆಲ್ಲ ಕಟ್ಟುನಿಟ್ಟು ಮಾಡಿದ ಇಡೀ ತಂಡಕ್ಕೆ ಪಕ್ಕದಲ್ಲೇ ಕೂತವನ ಕೈಯಲ್ಲಿ ಮೊಳದುದ್ದದ ಸಾಕ್ಷಿ ಬೆಳೆಯುತ್ತಿದ್ದದ್ದು ಹೊಳೆಯಲೇ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ. ಮಾವನೂ ನಕ್ಕರು. ಆಮೇಲೆ ಕೇಳಿದೆ, ಗೊತ್ತಿದ್ದೂ ಯಾಕೆ ಹೇಳಲಿಲ್ಲ?

“ಗೊತ್ತು ಅಂದ್ಬುಟ್ರೆ, ಎಷ್ಟು ಇಳಿಸ್ಲಿ ನಂಜುಂಡ ಅಂತ ಅವನು ಕೇಳ್ಬೇಕಾಯ್ತದೆ. ಇಷ್ಟು ಇಳಿಸಪ್ಪ ಅಂತ ನಾನು ಏಳ್ಬೇಕಾಯ್ತದೆ. ಅದನ್ನ ಏಳೋಕೆ ನನಗೆ ನಾಲಗೆ ಬರ್ತಿರಲಿಲ್ಲ. ಕೇಳೋಕೆ ಅವನಿಗೂ ಬರ್ತಿರಲಿಲ್ಲ. ಅವನು ಇಳಿಸ್ದ, ನಾನು ಆಡ್ದೆ.” ಕೆಳಗಿಟ್ಟ ಅವರೆಕಾಯಿಯನ್ನು ಮತ್ತೆ ಕೈಗೆತ್ತಿಕೊಂಡು, “ನನಗೆ ಗೊತ್ತು ಅಂತ ಅವನಿಗೆ ಏಳ್ಬ್ಯಾಡ. ನೊಂದ್ಕೊತಾನೆ” ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಅಂಕಪಟ್ಟಿಯೆಲ್ಲ ಕಲಸುಮೇಲೋಗರವಾಗಿತ್ತು. ಎದುರಿಗೇ ಕೂತವನಿಗೆ ತಿಳಿಯದಂತೆ ಇಳಿಸಿದ ಅಪ್ಪನ ಜಾಣತನ ದೊಡ್ಡದೋ, ಇಳಿದದ್ದು ತಿಳಿದೂ ಎರಡೂವರೆಯಲ್ಲೇ ನಿಂತವರ ಹಾಗೆ ಎದೆ ಸೆಟೆಸಿ ಹಾಡಿದ ಮಾವನದು ದೊಡ್ಡದೋ? ಯಾವ ಕಂಠಕ್ಕೆ, ಯಾವ ಬೆರಳಿಗೆ ಎಷ್ಟು ಎಂದು ಬಿಡಿಬಿಡಿಯಾಗಿ ಅಂಕ ಹಾಕುತ್ತಿದ್ದವಳಿಗೆ ಇದನ್ನು ಯಾರ ಹೆಸರಿನ ಮುಂದೆ ಬರೆಯಬೇಕೆಂದೇ ತೋಚಲಿಲ್ಲ. ಅಪ್ಪನ ಗುಟ್ಟು ಮಾವನಿಗೆ ಹೇಳುವಂತಿಲ್ಲ, ಮಾವನ ಗುಟ್ಟು ಅಪ್ಪನಿಗೆ ಹೇಳುವಂತಿಲ್ಲ.

ರಾಜ್ಯೋತ್ಸವದ ಸಂಜೆ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಮೈಕಿನ ಮುಂದೆ ನಿಂತು ಅದರ ಎತ್ತರವನ್ನು ಎರಡೆರಡು ಸಲ ಸರಿಮಾಡಿದರು. ಮತ್ತೆ ಕಂಠ ಒಡೆದರೆ ಈ ಮನುಷ್ಯ ಇನ್ನು ಮಾತನ್ನೂ ಆಡಲಾರರು ಎನ್ನಿಸಿತು. ಒಂದಕ್ಕೆ ಶ್ರುತಿ ಹಿಡಿದೆ. ಮಾವ ಮೆಲ್ಲಗೆ ಗುನುಗಿದರು. ಎತ್ತರವಾಯಿತು, ಈ ಒಂದೂ ಎತ್ತರವಾಯಿತು! ಮುಂದಿನ ಸಾಲಿನತ್ತ ನೋಡಿದೆ. ಅಪ್ಪ ನಡುಗುವ ಕೈಯನ್ನು ಕಷ್ಟಪಟ್ಟು ಮೇಲೆತ್ತಿ ಎಡಗಿವಿಯ ಹಾಲೆ ತಿಕ್ಕಿಕೊಂಡರು. ಮಾವ ಆ ಹೊತ್ತಿಗೆ ಸರಿಯಾಗಿ ಕತ್ತೆತ್ತಿ ಮೇಲಿನ ದೀಪದ ಸರ ನೋಡುತ್ತಿದ್ದರು. ನಾನು ನನಗೆ ಬಂದಷ್ಟು ಒಂದು ಪೀಠಿಕೆ ನುಡಿಸಿ ಅರ್ಧ ಮನೆ ಕೆಳಗೆ ಬಂದೆ.

ಹಾಡಿದರು. ಮೊದಲ ಸಾಲು ಗೊಗ್ಗರು, ಎರಡನೆಯದಕ್ಕೆ ಕಂಠ ಕಾಯಿತು. ತಾಳದಲ್ಲಿ ಅದೇ ಅವಸರ, ನಾನು ಹಿಂದೆ ಹಿಂದೆ ಓಡಿದೆ. ಎರಡನೇ ಚರಣದ ಏರು ಬಂತು. ಮಾವ ಕಣ್ಣು ಮುಚ್ಚಿದರು. ಕಂಠ ಮೇಲೇರಿ, ಒಂದು ಗಳಿಗೆ ತೊಡರಿ, ಆ ಜಾಗ ಮುಟ್ಟಿ, ಅಲ್ಲಿ ನಿಂತಿತು. ನನಗೆ ಅಳು ಬಂತು. ಹಾರ್ಮೋನಿಯಂ ಹಿಡಿದವಳಿಗೆ ಕಣ್ಣೊರೆಸಿಕೊಳ್ಳಲು ಕೈ ಎಲ್ಲಿ?

ಚಪ್ಪಾಳೆಯ ನಡುವೆ ಮಾವ ವೇದಿಕೆ ಇಳಿದು ನೆಟ್ಟಗೆ ಅಪ್ಪನ ಕುರ್ಚಿಯ ಬಳಿ ಹೋದರು. “ಏನಯ್ಯಾ, ಎಂಗಿತ್ತು? ಎರಡೂವರೆನೇ ತಾನೇ?”

“ಎರಡೂವರೆನೇ. ಕದಲಲಿಲ್ಲ” ಎಂದರು ಅಪ್ಪ.

ಇಬ್ಬರೂ ನನ್ನ ಕಡೆ ತಿರುಗಿದರು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಪಿಂಚಣಿ ಪಡೆದವಳು, “ಎರಡೂವರೆನೇ ಮಾವ” ಎಂದೆ.

“ಅಂಗಾದ್ರೆ ಮುಂದಿನ್ ವರ್ಸಾನೂ ಅಲ್ಲಿಗೇ ಆಕು ಕಣವ್ವ, ಆಡ್ತೀನಿ” ಎಂದರು ಮಾವ.

ಆಗಲಿ ಎಂದೆ. ಮಾರನೆಯ ಬೆಳಿಗ್ಗೆ ಅಪ್ಪ ಏಳುವ ಮೊದಲು ಹಾರ್ಮೋನಿಯಂ ಎದುರು ಕೂತು, ಅದೇ ಹಾಡನ್ನು ಇನ್ನೂ ಅರ್ಧ ಮನೆ ಕೆಳಗೆ ನುಡಿಸಿ ಕಲಿಯತೊಡಗಿದೆ.