ಎಡಗಡೆಯ ಮುಂದಿನ ಚಕ್ರ

ಮಡಗಾಂವಿನ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನಮ್ಮ ಗ್ಯಾರೇಜು. ವಿಜಯಪುರದ ಕಡೆಯಿಂದ ಬಂದ ಹೊಸದರಲ್ಲಿ ನನ್ನ ಗಂಡ ಒಬ್ಬರೇ ಕೆಲಸ ಮಾಡುತ್ತಿದ್ದರು. ಊಟದ ಡಬ್ಬಿ ಕೊಡಲು ಹೋಗುತ್ತಿದ್ದ ನಾನು ನಟ್ಟು ಬಿಚ್ಚುವ ಪಾನಾ ಎತ್ತಿಕೊಡುತ್ತ, ನಟ್ಟು ತೊಳೆಯುತ್ತ ಅಲ್ಲೇ ಉಳಿದುಬಿಟ್ಟೆ. ಬೇರಿಂಗಿಗೆ ಗ್ರೀಸು ತುಂಬುವುದರಲ್ಲಿ ನನ್ನ ಕೈ ಅವರಿಗಿಂತ ಚಲೋ ಎಂದು ಅವರೇ ಹೇಳುತ್ತಿದ್ದರು. ಆ ಮಾತಿನಿಂದ ನನಗೆ ಸ್ವಲ್ಪ ಜಂಬವೂ ಇತ್ತು.

ಒಮ್ಮೆ ರಿಪೇರಿಗೆ ಬಂದ ಕಾರು ಹಡಗಿನ ಇಂಜಿನಿಯರಾಗಿ ನಿವೃತ್ತರಾದ ಒಬ್ಬ ಗೋವೆಯ ಹಿರಿಯರದು; ಗೌರವದಿಂದ ನಾವು ಅವರನ್ನು ಬಾಬ್ ಎನ್ನುತ್ತಿದ್ದೆವು. ಎರಡೇ ಸೀಟು, ಮೇಲೆ ಹೊದಿಕೆಯಿಲ್ಲ, ನನ್ನ ವಯಸ್ಸಿಗಿಂತ ಹಳೆಯದು. ಮುಂದಿನ ಎರಡೂ ಚಕ್ರಗಳು ಓಡುವಾಗ ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಡುತ್ತಿದ್ದವು. ಹೊಸ ಬೇರಿಂಗು ಬರುವುದಕ್ಕೆ ವಾರಗಟ್ಟಲೆ ಕಾದೆವು. ಕೊನೆಗೆ ಬಂದದ್ದು ಗುರುವಾರ. ಶುಕ್ರವಾರ ಮಧ್ಯಾಹ್ನ ಅವರ ಮಗಳು ದಾಬೋಲಿಮ್ ವಿಮಾನ ನಿಲ್ದಾಣಕ್ಕೆ ಬಂದಿಳಿಯುವವಳಿದ್ದಳು. ತಾಯಿ ತೀರಿಕೊಂಡ ಮೇಲೆ ಅವಳು ಮನೆಗೆ ಬರುತ್ತಿದ್ದುದು ಅದೇ ಮೊದಲು. ಅವಳನ್ನು ಆ ಕಾರಿನಲ್ಲೇ ಕರೆತರಬೇಕೆಂದು ಅವರ ಹಟ.

ಶುಕ್ರವಾರ ಬೆಳಿಗ್ಗೆ ಬಲಗಡೆಯ ಚಕ್ರ ಮುಗಿಯಿತು. ಈ ಬೇರಿಂಗಿನ ನಟ್ಟನ್ನು ಜೋರಾಗಿ ಬಿಗಿಯುವ ಹಾಗಿಲ್ಲ; ಬಿಗಿದರೆ ಬೇರಿಂಗು ಕಾದು ಸುಟ್ಟುಹೋಗುತ್ತದೆ. ಬಿಗಿದು, ಕೊಂಚ ಸಡಿಲಿಸಿ, ಅದು ತಿರುಗದಂತೆ ಅಡ್ಡಲಾಗಿ ಒಂದು ಪಿನ್ನು ತೂರಿಸಿ ತುದಿ ಮಡಚಬೇಕು. ಮೇಲೊಂದು ಕ್ಯಾಪು. ಬಲಗಡೆಯ ಪಿನ್ನು ಹಾಕಿದವಳು ನಾನೇ. ಎಡಗಡೆಯದಕ್ಕೆ ಗಂಡ ನಟ್ಟು ಕೂರಿಸಿದ ಹೊತ್ತಿಗೆ ಓಣಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯತೊಡಗಿತು.

"ಏ, ಇಲ್ಲಿ ನೋಡ್ಕೋ. ನಮ್ಮ ಸ್ಕೂಟರ್ ಅಡ್ಡ ಐತಿ, ತಗದ್ ಬರ್ತೇನಿ" ಎಂದು ಅವರು ಎದ್ದುಹೋದರು.

ಗಾಳಿಗೆ ಮಣ್ಣು ಏಳುತ್ತಿತ್ತು. ಗ್ರೀಸಿಗೆ ಧೂಳು ಕೂಡಬಾರದೆಂದು ನಾನು ಕ್ಯಾಪನ್ನು ಒತ್ತಿ ಕೂರಿಸಿದೆ. ಪಿನ್ನನ್ನು ಅವರು ಆಗಲೇ ಹಾಕಿದ್ದಾರೆಂದು ನನ್ನ ತಲೆಯಲ್ಲಿ. ತಿರುಗಿ ಬಂದ ಅವರು ಕ್ಯಾಪು ನೋಡಿ, ಬಲಗಡೆ ಮಾಡಿದಂತೆ ಇಲ್ಲಿಯೂ ನಾನೇ ಹಾಕಿದ್ದೇನೆಂದು ತಿಳಿದರು. ಚಕ್ರ ಏರಿಸಿದೆವು. ಹಿರಿಯರು ಬಂದು, ಸದ್ದಿಲ್ಲದ ಕಾರಿಗೆ ಮಗುವಿನಂತೆ ಖುಷಿಪಟ್ಟು ಹೊರಟುಹೋದರು. ಗಂಡ ಕೈ ತೊಳೆದು ಜುಮ್ಮಾ ನಮಾಜಿಗೆ ಹೋದರು.

ಕಸ ಗುಡಿಸುವಾಗ ಗ್ರೀಸ್ ಡಬ್ಬಿಯ ಮುಚ್ಚಳದಲ್ಲಿ ಒಂದು ಹೊಸ ಪಿನ್ನು ಉಳಿದಿರುವುದು ಕಂಡಿತು. ಎರಡು ಚಕ್ರಕ್ಕೆಂದು ಎರಡನ್ನು ನಾನೇ ತೆಗೆದಿಟ್ಟಿದ್ದೆ. ಹಳೆಯವೆರಡು ಮುರಿದು ಪಕ್ಕದಲ್ಲೇ ಬಿದ್ದಿದ್ದವು. ಮತ್ತೆ ಮತ್ತೆ ಎಣಿಸಿದೆ. ಎಡಗಡೆಯ ಚಕ್ರಕ್ಕೆ ಪಿನ್ನು ಬಿದ್ದೇ ಇರಲಿಲ್ಲ.

ಹಿರಿಯರಿಗೆ ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು. ಆ ತೆರೆದ ಕಾರಿನ ಗಾಳಿಯಲ್ಲಿ ಯಾರಿಗೆ ಕೇಳಿಸಬೇಕು? ಗಂಡನ ಫೋನು ಮಸೀದಿಯಲ್ಲಿ ಬಂದ್. ಎಡಗಡೆ ಪಿನ್ನು ಹಾಕಿಲ್ಲವೆಂದು ಚೀಟಿ ಬರೆದು ಡಬ್ಬಿಯ ಮುಚ್ಚಳದಲ್ಲಿಟ್ಟೆ. ಪಿನ್ನು, ಇಕ್ಕಳ, ಪಾನಾ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡೆ. ಬಾಗಿಲು ಸಹ ಎಳೆಯದೆ ಸ್ಕೂಟರ್ ಹತ್ತಿದೆ.

ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ನಾನು ನೋಡಿದ್ದು ರಸ್ತೆಯ ಅಂಚನ್ನು ಮಾತ್ರ. ಕಾರು ಯಾವ ಚರಂಡಿಯಲ್ಲಿ ಬಿದ್ದಿರಬಹುದು, ಯಾವ ಮರಕ್ಕೆ ಬಡಿದಿರಬಹುದು. ವೆರ್ಣಾದ ಏರಿನಲ್ಲಿ ಜನ ಗುಂಪುಗೂಡಿದ್ದರು. ಸ್ಕೂಟರ್ ನಿಲ್ಲಿಸಿ, ಚೀಲ ಎದೆಗೆ ಅವಚಿಕೊಂಡು ಜನರನ್ನು ತಳ್ಳುತ್ತ ಒಳನುಗ್ಗಿದೆ. ಮೀನಿನ ಟೆಂಪೋ ಒಂದು ಮಗುಚಿತ್ತು. ಡ್ರೈವರ್ ಪಕ್ಕದಲ್ಲೇ ನಿಂತು ಬೀಡಿ ಸೇದುತ್ತಿದ್ದ. ಅವನಿಗೆ ಏನೂ ಆಗಿರಲಿಲ್ಲ. ನನಗೆ ಅಳು ಬಂತು. ಸಮಾಧಾನವಂತೂ ಆಗಲಿಲ್ಲ, ದಾರಿ ಇನ್ನೂ ಬಾಕಿ ಇತ್ತು.

ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ ಸಾಲು ಸಾಲು ಹುಡುಕಿದೆ. ಕೊನೆಯ ಸಾಲಿನಲ್ಲಿ ಕಾರು ನಿಂತಿತ್ತು, ನಾಲ್ಕೂ ಚಕ್ರದ ಮೇಲೆ. ಎಡಗಡೆಯ ಮುಂದಿನ ಚಕ್ರವನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದೆ. ಅಲುಗುವ ಹಲ್ಲಿನ ಹಾಗೆ ಕಟಕಟ ಎಂದಿತು. ಯಾರೂ ಕಾರು ತೆಗೆಯದಂತೆ ಅದರ ಮುಂದೆಯೇ ಕೂತೆ.

ಹಿರಿಯರು ಮಗಳ ಬ್ಯಾಗು ಎಳೆದುಕೊಂಡು ನಗುತ್ತ ಬಂದರು. ನನ್ನನ್ನು ನೋಡಿ ನಗು ನಿಂತಿತು. "ಏನಾಯ್ತು ಬಾಯ್?" ಎಂದು, ಹೆಂಗಸರನ್ನು ಅಕ್ಕರೆಯಿಂದ ಕರೆಯುವ ಮಾತಿನಲ್ಲಿ, ಕೊಂಕಣಿಯಲ್ಲಿ ಕೇಳಿದರು. ನನಗೆ ಬರುವ ಕೊಂಕಣಿಯೆಲ್ಲ ಹಾರಿಹೋಗಿತ್ತು.

"ಪಿನ್ ಹಾಕಿಲ್ರಿ ಬಾಬ್. ನಾವ ಮರತೇವಿ. ಗಾಡಿ ತಗೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ" ಎಂದು ನನ್ನ ಮಾತಿನಲ್ಲೇ ಅಂದು, ಪಿನ್ನು ಎತ್ತಿ ತೋರಿಸಿದೆ. ಅವರಿಗೆ ಭಾಷೆ ಬೇಕಾಗಲಿಲ್ಲ. ಡಿಕ್ಕಿಯಿಂದ ಜಾಕ್ ತೆಗೆದರು.

ಕ್ಯಾಪು ಬಿಚ್ಚಿದಾಗ ನಟ್ಟು ಕೊನೆಯ ಸುತ್ತಿನಲ್ಲಿ ನಿಂತಿತ್ತು. ಬೆರಳು ತಾಗಿಸಿದ್ದಷ್ಟೇ, ಅಂಗೈಗೆ ಉದುರಿತು. ಹಿರಿಯರು ಅದನ್ನೇ ನೋಡುತ್ತ ನಿಂತರು. ಮಗಳು ಅಪ್ಪನ ಮೇಲೆ ರೇಗಿದಳು. "ಎಂಥವರ ಕೈಗೆ ಕೊಟ್ಟಿರಿ ಅಪ್ಪಾ? ನೀವು ಸತ್ತೇಹೋಗುತ್ತಿದ್ದಿರಿ!" ಅವಳ ಕೊಂಕಣಿ ನನಗೆ ಪೂರ್ತಿ ಅರ್ಥವಾಯಿತು.

ಬೇರಿಂಗು ಒರೆಸಿ ನೋಡಿ, ನಟ್ಟು ಕೂರಿಸಿ, ಬಿಗಿದು, ಸಡಿಲಿಸಿದೆ. ಪಿನ್ನು ತೂರಿಸಲು ಹೋದರೆ ಗ್ರೀಸಿನ ಬೆರಳಿನಿಂದ ಜಾರಿ ಕಾರಿನಡಿಗೆ ಬಿತ್ತು. ಮಗಳೇ ಬಗ್ಗಿ ಹುಡುಕಿ ತೆಗೆದುಕೊಟ್ಟಳು. ನನ್ನ ಮುಖ ನೋಡಲಿಲ್ಲ. ತುದಿ ಮಡಚಿದ ಮೇಲೆ ಹಿರಿಯರು ಬಲಗಡೆಗೆ ಬೆರಳು ತೋರಿಸಿದರು. ಅದನ್ನೂ ಬಿಚ್ಚಿ ತೋರಿಸಿದೆ. ಅಲ್ಲಿ ಪಿನ್ನು ಇತ್ತು.

ಮಗಳು ಆ ಕಾರು ಹತ್ತಲೇ ಇಲ್ಲ, ಟ್ಯಾಕ್ಸಿ ಹಿಡಿದಳು. ಹಿರಿಯರು ಪಕ್ಕದ ಖಾಲಿ ಸೀಟಿನೊಂದಿಗೆ ಹೊರಟರು. ಅವರ ಮನೆಯ ಗೇಟಿನ ತನಕ ನಾನು ಹಿಂದೆಯೇ ಸ್ಕೂಟರಿನಲ್ಲಿ ಹೋದೆ, ಕಣ್ಣನ್ನು ಆ ಚಕ್ರದಿಂದ ಕೀಳದೆ. ಅವರು ಒಂದು ಸಲವೂ ತಿರುಗಿ ನೋಡಲಿಲ್ಲ.

ಗ್ಯಾರೇಜಿನಲ್ಲಿ ಗಂಡ ಚೀಟಿಯಿದ್ದ ಡಬ್ಬಿಯ ಮುಚ್ಚಳ ಹಿಡಿದು ಕೂತಿದ್ದರು. "ಬಾಬ್ ಜೀವಂತ ಅದಾರಿಲ್ಲೋ?" ಎಂದರು.

"ಅದಾರ."

"ನೀ ಹಾಕೀದಿ ಅನ್ಕೊಂಡೆ."

"ನಾ ನೀವು ಹಾಕೀರಿ ಅನ್ಕೊಂಡೆ."

ಅವರು ಮುಖ ಮುಚ್ಚಿಕೊಂಡು ಅತ್ತರು. ಮದುವೆಯಾದ ಮೇಲೆ ಅವರು ಅಳುವುದನ್ನು ನೋಡಿದ್ದು ಅದೊಂದೇ ಸಲ. ಆ ದಿನ ತಂದಿದ್ದ ಊಟ ಇಬ್ಬರೂ ಮುಟ್ಟಲಿಲ್ಲ.

ಹಿರಿಯರು ನಮ್ಮ ಬಗ್ಗೆ ಯಾರಲ್ಲೂ ಕೆಟ್ಟದ್ದು ಆಡಲಿಲ್ಲ. ಆದರೆ ಆ ಕಾರು ನಮ್ಮ ಓಣಿಗೆ ಮತ್ತೆ ಬರಲಿಲ್ಲ. ಹೋಗಿ ಕೇಳುವ ಮುಖ ನಮಗೂ ಇರಲಿಲ್ಲ.