ಮೊದಲನೆಯ ಕಾಲಂ

ನಮ್ಮ ಶಾಲೆಯ ಗ್ರಂಥಾಲಯವನ್ನು ನೋಡಿಕೊಳ್ಳುವವನು ನಾನು. ಮಕ್ಕಳಿಗಿಂತ ಗೆದ್ದಲು ಹೆಚ್ಚು ಓದಿರುವ ಜಾಗ ಅದು. ಆರು ವರ್ಷದ ಹಿಂದೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು "ಮಕ್ಕಳ ಆಪ್ತಸಲಹೆಗಾರರು ಎಲ್ಲಿ?" ಎಂದು ಕೇಳಿದಾಗ ಎಲ್ಲರೂ ಸೀಲಿಂಗ್ ನೋಡಿದರು. ಮಾರನೆಯ ವಾರವೇ ನನ್ನ ಹಿಂದಿನ ಗೋಡೆಗೆ ಒರಗಿದ್ದ ಮುರುಕು ಬೆಂಚುಗಳನ್ನು ತಾರಸಿಗೆ ಸಾಗಿಸಿ, ಮೂರು ಕಪಾಟು ಅಡ್ಡ ನಿಲ್ಲಿಸಿ, ಒಂದು ಕೊಠಡಿ ಹುಟ್ಟಿಸಿದರು. ಅದರೊಳಗೆ ಒಂದು ಮೇಜು, ಎರಡು ಕುರ್ಚಿ, ಒಂದು ಗೋಡೆ ಗಡಿಯಾರ, ಒಬ್ಬರು ಚೀಟಿ ಮಿಸ್. ಕಪಾಟಿನ ಆಚೆ ಗುಟ್ಟು, ಈಚೆ ನಾನು. ಈ ಆರು ವರ್ಷದಲ್ಲಿ ಪುಸ್ತಕಗಳಲ್ಲಿ ಓದಿದ್ದಕ್ಕಿಂತ ಪುಸ್ತಕಗಳ ಸಂದಿಯಲ್ಲಿ ಕೇಳಿಸಿಕೊಂಡದ್ದೇ ಹೆಚ್ಚು.

ಚೀಟಿ ಮಿಸ್ ಎಂದು ಹೆಸರಿಟ್ಟವರು ಮಕ್ಕಳು. ಶಾಲೆ ಶುರುವಾಗುವ ಹತ್ತು ನಿಮಿಷ ಮೊದಲು ಇಪ್ಪತ್ತು ಮಕ್ಕಳು ಸಾಲಾಗಿ ಬಂದು ಅವರಿಂದ ಅಂಗೈಯಗಲದ ಚೀಟಿ ಪಡೆಯುತ್ತಿದ್ದರು. ಪ್ರತಿ ಪೀರಿಯಡ್ ಮುಗಿದಾಗ ಆ ಪಾಠದ ಟೀಚರು ಅದರಲ್ಲಿ ಮಗುವಿನ ನಡತೆಗೆ ಸೊನ್ನೆಯನ್ನೋ ಒಂದನ್ನೋ ಎರಡನ್ನೋ ಬರೆಯಬೇಕು. ಸಂಜೆ ಚೀಟಿ ತಂದು ಮಿಸ್ಸಿನ ಸಹಿ ಹಾಕಿಸಿಕೊಂಡು, ಎರಡು ಮಾತಾಡಿ, ಮನೆಗೆ ಒಯ್ದು ತೋರಿಸಬೇಕು.

"ದಿನಾ ಬೆಳಗ್ಗೆ ಕ್ಯೂ ನಿಲ್ಲಿಸ್ತೀರಲ್ಲ ಮಿಸ್, ಒಳಗೇನು ಸಿನಿಮಾನಾ?" ಎಂದು ಡ್ರಿಲ್ ಮೇಷ್ಟ್ರು ಕಿಚಾಯಿಸಿದ್ದರು.

"ಯಾರೋ ಒಬ್ಬರು ದಿನಾ ಹೆಸರು ಹಿಡಿದು ಕರೆದು, ತಿಂಡಿ ಆಯ್ತಾ ಅಂತ ಕೇಳೋದು ಸಾರ್. ಕೆಲವು ಮಕ್ಕಳಿಗೆ ಅದು ಸಿನಿಮಾಕ್ಕಿಂತ ಅಪರೂಪ."

ಸ್ಟಾಫ್ ರೂಮಿನಲ್ಲಿ ಆಪ್ತಸಲಹೆ ಎಂದರೆ ಬುದ್ಧಿ ಹೇಳುವುದು ಎಂದೇ ಲೆಕ್ಕ. ಗಲಾಟೆ ಮಾಡಿದವರನ್ನು "ಸ್ವಲ್ಪ ಬುದ್ಧಿ ಹೇಳಿ ಕಳಿಸಿ" ಎಂದು, ಗಿರಣಿಗೆ ಗೋಧಿ ಕಳಿಸಿದ ಹಾಗೆ ಕಳಿಸುತ್ತಿದ್ದರು. ಬುದ್ಧಿ ಹೇಳಿದರೆ ಮಕ್ಕಳು ಸರಿಹೋಗುತ್ತಾರೆ ಎನ್ನುವುದಕ್ಕೆ ಪುರಾವೆ ಇಲ್ಲ ಎಂದು ಮಿಸ್ ನನಗೆ ಒಮ್ಮೆ ಹೇಳಿದ್ದರು. "ಹೇಳಿದವರ ಹೊಟ್ಟೆ ಹಗುರಾಗುತ್ತೆ ಅನ್ನೋದಕ್ಕೆ ಬೇಕಾದಷ್ಟಿದೆ."

ಪುರಾವೆಯ ಹುಚ್ಚು ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ನಿಂತ ಗಡಿಯಾರ ತಂದವರನ್ನು "ಏನಾಗಿದೆ?" ಎಂದು ಕೇಳುತ್ತಿರಲಿಲ್ಲವಂತೆ. "ನಿಲ್ಲೋ ಮುಂಚೆ ಏನಾಯ್ತು?" ಎಂದು ಕೇಳುತ್ತಿದ್ದರಂತೆ. ಬಿತ್ತಾ, ನೀರು ಹೋಯ್ತಾ, ಯಾರಾದರೂ ಕೀಲಿ ಜಾಸ್ತಿ ತಿರುಗಿಸಿದರಾ. ಮಗಳು ಹನ್ನೊಂದು ವರ್ಷ ಮೂರನೇ ತರಗತಿಗೆ ಪಾಠ ಮಾಡಿ, ರಜೆಗಳಲ್ಲಿ ಅಂಚೆ ಮೂಲಕ ಮನಃಶಾಸ್ತ್ರ ಓದಿ ಪಾಸಾದಾಗ, ಪುಸ್ತಕದಲ್ಲಿ ಇದ್ದದ್ದೂ ಅದೇ ಪ್ರಶ್ನೆ. ಆದ್ದರಿಂದ ಅವರ ಹಾಳೆಯಲ್ಲಿ ಯಾವಾಗಲೂ ಮೂರು ಕಾಲಂ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಸ್ಕೇಲು ಹಿಡಿದು ಗೆರೆ ಎಳೆಯುವಾಗ ಅವರ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು.

ಹೋದ ವರ್ಷ ಆ ಹಾಳೆಗೆ ಏಳನೇ ತರಗತಿಯ ಒಬ್ಬ ಹುಡುಗಿ ಬಂದಳು. ಸ್ಟಾಫ್ ರೂಮು ಅವಳಿಗೆ ಬಿರುಗಾಳಿ ಎಂದು ಹೆಸರಿಟ್ಟಿತ್ತು. ಡೆಸ್ಕ್ ತಳ್ಳುವುದು, ಪುಸ್ತಕ ಎಸೆಯುವುದು, ಬಾಗಿಲು ಬಡಿದು ಓಡಿಹೋಗುವುದು. ತಾಯಿ ಬಸ್ ಕಂಡಕ್ಟರ್. ಪಾಳಿ ಮುಗಿಸಿ, ಚೀಲ ಹೆಗಲಲ್ಲೇ ಇಟ್ಟುಕೊಂಡು, ಶಾಲೆಗೆ ಓಡಿ ಬಂದು ಬೈಸಿಕೊಳ್ಳುವುದು ಆಕೆಗೆ ಇನ್ನೊಂದು ಪಾಳಿಯಾಗಿತ್ತು. ಹೆಡ್‌ಮಿಸ್ ಕೊನೆಗೆ ಮಿಸ್ಸನ್ನು ಕರೆದು, "ಎಂಟು ವಾರ ಕೊಡ್ತೀನಿ. ಆಮೇಲೆ ಆಡಳಿತ ಮಂಡಳಿ ಸಭೆ. ಸರಿಹೋಗದಿದ್ದರೆ ಟೀಸಿ" ಎಂದರು. ಹತ್ತಿರದಲ್ಲಿ ಇನ್ನೊಂದು ಶಾಲೆ ಇರಲಿಲ್ಲ. ಟೀಸಿ ಎಂದರೆ ಆ ಹುಡುಗಿಗೆ ಓದು ಅಲ್ಲಿಗೆ ಮುಗಿದಂತೆ.

ಮಿಸ್ ಎರಡು ವಾರ ಹಿಂದಿನ ಬೆಂಚಿನಲ್ಲಿ ಕೂತು ಬರೆದರು. ಹನ್ನೊಂದು ರಂಪ. ಅದರಲ್ಲಿ ಒಂಬತ್ತು ಭಾಷೆಯ ಪೀರಿಯಡ್ಡಿನಲ್ಲೇ. ಒಂಬತ್ತರ ಮೊದಲನೆಯ ಕಾಲಮ್ಮಿನಲ್ಲೂ ಒಂದೇ ಸಾಲು: "ಎದ್ದು ನಿಂತು ಗಟ್ಟಿಯಾಗಿ ಓದಲು ಟೀಚರು ಹೇಳಿದರು." ಮೂರನೆಯದರಲ್ಲೂ ಒಂದೇ ಸಾಲು: "ಹೊರಗೆ ಕಳಿಸಿದರು."

"ನೋಡಿ ಸಾರ್," ಎಂದರು ನನಗೆ. "ಅವಳಿಗೆ ಅಕ್ಷರ ಕೂಡಿಸಿ ಓದೋಕೆ ಬರಲ್ಲ. ನಲವತ್ತು ಜನದ ಮುಂದೆ ತಡವರಿಸೋದಕ್ಕಿಂತ ಡೆಸ್ಕ್ ತಳ್ಳೋದು ಮೇಲು. ತಳ್ಳಿದರೆ ಹೊರಗೆ ಹಾಕ್ತಾರೆ. ಅವಳಿಗೆ ಬೇಕಾಗಿದ್ದೂ ಅದೇ. ನಾವು ಶಿಕ್ಷೆ ಅಂದ್ಕೊಂಡು ಬಹುಮಾನ ಕೊಡ್ತಾ ಇದ್ದೀವಿ."

ಉಪಾಯ ಸರಳವಾಗಿತ್ತು. ಎಬ್ಬಿಸಿ ನಿಲ್ಲಿಸಿ ಓದಿಸುವುದಿದ್ದರೆ ಯಾವ ಪ್ಯಾರಾ ಎಂದು ಹಿಂದಿನ ದಿನವೇ ಹೇಳಬೇಕು. ತಲೆ ಕಾದರೆ ಹಸಿರು ಕಾರ್ಡ್ ತೋರಿಸಿ ಎರಡು ನಿಮಿಷ ನೀರು ಕುಡಿದು ಬರಬಹುದು. ದಿನಾ ಇಪ್ಪತ್ತು ನಿಮಿಷ ಗ್ರಂಥಾಲಯದಲ್ಲಿ ನನ್ನ ಜೊತೆ ಓದು: ನಾನೊಂದು ಸಾಲು, ಅವಳೊಂದು ಸಾಲು, ಅದೇ ಪುಟ ಮತ್ತೆ ಮತ್ತೆ. ಬೆಳಗ್ಗೆ ಚೀಟಿ, ಸಂಜೆ ಚೀಟಿ.

ಮೊದಲ ದಿನ ಅವಳು ನನ್ನನ್ನು ಕೇಳಿದಳು: "ನೀವೂ ನಿಧಾನವಾಗಿ ಓದ್ತೀರಲ್ಲ, ನಿಮಗೂ ಬರಲ್ವಾ?"

"ಕನ್ನಡಕ ಬದಲಾಯಿಸಬೇಕಮ್ಮ."

"ಅಮ್ಮಂಗೂ ನಾನು ಹಾಗೇ ಹೇಳ್ತಿದ್ದೆ," ಎಂದಳು.

ಮೂರನೇ ವಾರ ನಾಲ್ಕು ರಂಪ. ನಾಲ್ಕನೇ ವಾರ ಎರಡು. ಐದನೇ ವಾರ ಒಂದೂ ಇಲ್ಲ. ತಾಯಿ ಚೀಟಿಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಟಿಕೆಟ್ ಚೀಲದಲ್ಲೇ ಇಟ್ಟುಕೊಂಡಿದ್ದರು. ಬಸ್ಸಿನಲ್ಲಿ ಯಾರಾದರೂ ಜಗಳ ತೆಗೆದರೆ ಅದನ್ನು ಮುಟ್ಟಿ ನೋಡಿಕೊಳ್ಳುತ್ತೇನೆ ಎಂದಿದ್ದರು.

ಆ ವಾರವೇ ಭಾಷೆಯ ಟೀಚರು ಯಾವುದೋ ಕೆಲಸಕ್ಕೆ ಬಂದವರು ಮಿಸ್ಸಿನ ಮೇಜಿನ ಮೇಲಿದ್ದ ಹಾಳೆ ಓದಿದರು. ಅವರು ಆಡಳಿತ ಮಂಡಳಿಯ ಅಧ್ಯಕ್ಷರ ಅತ್ತಿಗೆ. ನಮ್ಮ ಶಾಲೆಯಲ್ಲಿ ಅತ್ತಿಗೆ ಅತ್ತರೆ ಇಡೀ ಮಂಡಳಿಗೆ ನೆಗಡಿ.

"ಎಲ್ಲಾ ಸಾಲಲ್ಲೂ ಟೀಚರು ಹೇಳಿದರು, ಟೀಚರು ಹೇಳಿದರು. ನಾನೇನು ರೋಗಾಣುವಾ?"

"ತಪ್ಪು ನಿಮ್ಮದು ಅಂತಲ್ಲ ಮಿಸ್. ಅದು ಬರೀ ಮೊದಲು ಏನಾಯ್ತು ಅಂತ."

"ಮೂವತ್ತು ವರ್ಷದಿಂದ ನಾನು ಎಬ್ಬಿಸಿ ನಿಲ್ಲಿಸಿ ಓದಿಸ್ತಿದ್ದೀನಿ. ಯಾರೂ ಡೆಸ್ಕ್ ತಳ್ಳಿಲ್ಲ."

"ತಳ್ಳದವರು ಏನು ಮಾಡಿದರು ಅಂತ ನಾವು ಬರೆದಿಟ್ಟಿಲ್ಲ ಮಿಸ್," ಎಂದರು ಚೀಟಿ ಮಿಸ್. ಆ ಮಾತು ಅಲ್ಲಿಗೆ ನಿಲ್ಲಬೇಕಿತ್ತು, ಹೆಡ್‌ಮಿಸ್ ಕೊಠಡಿಯವರೆಗೆ ನಡೆದುಹೋಯಿತು.

ಹೆಡ್‌ಮಿಸ್ ಒಳ್ಳೆಯವರೇ. ಒಳ್ಳೆಯವರಿಂದ ಆಗುವ ಕೆಡುಕಿಗೆ ಮದ್ದಿಲ್ಲ, ಅಷ್ಟೇ. "ಆ ಮೊದಲನೇ ಕಾಲಂ ತೆಗೆದು ಬರೆದುಕೊಡಿ," ಎಂದರು. "ಏನು ಮಾಡಿದಳು, ಏನು ಕ್ರಮ ತಗೊಂಡ್ವಿ, ಎರಡು ಸಾಕು. ಇದು ಹೀಗೇ ಸಭೆಗೆ ಹೋದರೆ ನಿಮ್ಮ ಕೊಠಡಿಗೆ ಮುರುಕು ಬೆಂಚು ವಾಪಸು ಬರುತ್ತೆ. ಮಿಕ್ಕ ಹತ್ತೊಂಬತ್ತು ಮಕ್ಕಳ ಗತಿ ಯೋಚಿಸಿ."

ಮಿಸ್ ಯೋಚಿಸಿದರು. ನನ್ನನ್ನೂ ಕೇಳಿದರು. ನನಗೆ ಮಾತಿಗಿಂತ ಚಮತ್ಕಾರ ಮುಂದೆ. "ಕಾಲಂ ಹೋದರೆ ಕಾಲವೇನೂ ಹೋಗಲ್ಲ, ತೆಗೀರಿ ಮಿಸ್. ಹುಡುಗಿ ಹೇಗೂ ಸರಿಹೋಗಿದಾಳೆ," ಎಂದೆ. ಅವರು ನಗಲಿಲ್ಲ. ಹೊಸ ಹಾಳೆ ತೆಗೆದು ಎರಡು ಕಾಲಮ್ಮಿಗೆ ಗೆರೆ ಎಳೆದರು. ಅಕ್ಷರ ಮುತ್ತಿನ ಹಾಗಿತ್ತು.

ಆರನೇ ವಾರ ಒಂದು ಸಣ್ಣ ರಂಪ. ಏಳನೇ ವಾರ ಭಾಷೆಯ ಟೀಚರು, ಹಿಂದಿನ ದಿನ ಏನೂ ಹೇಳದೆ, ಹೊಸ ಪಾಠದ ಮೊದಲ ಪುಟವನ್ನು ಅವಳಿಂದಲೇ ಓದಿಸಲು ಎಬ್ಬಿಸಿದರು. ಹುಡುಗಿ ಹಸಿರು ಕಾರ್ಡ್ ಎತ್ತಿದಳು. "ಅದನ್ನ ಚೀಟಿ ಅಂಗಡೀಲಿ ತೋರಿಸು," ಎಂದರಂತೆ ಟೀಚರು. ತರಗತಿ ನಕ್ಕಿತು. ಡೆಸ್ಕ್ ಉರುಳಿತು, ಟೀಚರ ಕಾಲಿನ ಹೆಬ್ಬೆರಳು ಊದಿಕೊಂಡಿತು.

ಎಂಟನೇ ವಾರದ ಕೊನೆಗೆ ಸಭೆ. ಉದ್ದ ಮೇಜು ಇರುವುದು ಗ್ರಂಥಾಲಯದಲ್ಲಿ ಮಾತ್ರ, ಆದ್ದರಿಂದ ನಾನೂ ಅಲ್ಲಿದ್ದೆ. ಎರಡು ಕಾಲಂ ಹಾಳೆ ಕೈಯಿಂದ ಕೈಗೆ ಹೋಯಿತು. ಡೆಸ್ಕ್ ತಳ್ಳಿದಳು, ಹೊರಗೆ ಕಳಿಸಲಾಯಿತು. ಪುಸ್ತಕ ಎಸೆದಳು, ಹೊರಗೆ ಕಳಿಸಲಾಯಿತು. ಹತ್ತೊಂಬತ್ತು ಸಾಲು.

"ಇಷ್ಟು ಅಚ್ಚುಕಟ್ಟಾದ ದಾಖಲೆ ನಾನು ನೋಡೇ ಇಲ್ಲ," ಎಂದರು ಅಧ್ಯಕ್ಷರು. "ಇನ್ನೇನು ಬೇಕು ಪುರಾವೆ?"

"ತಾರೀಖು ನೋಡಿ ಸಾರ್," ಎಂದರು ಚೀಟಿ ಮಿಸ್. "ಮೊದಲ ಎರಡು ವಾರದಲ್ಲಿ ಹನ್ನೊಂದು. ಕೊನೆಯ ನಾಲ್ಕು ವಾರದಲ್ಲಿ ಎರಡೇ ಎರಡು."

"ಯಾಕೆ ಕಡಿಮೆ ಆಯ್ತು?"

ಉತ್ತರ ಮೊದಲನೆಯ ಕಾಲಮ್ಮಿನಲ್ಲಿತ್ತು. ಮಿಸ್ ಹೆಡ್‌ಮಿಸ್ಸನ್ನು ನೋಡಿದರು. ಹೆಡ್‌ಮಿಸ್ ಕಪಾಟುಗಳನ್ನು ನೋಡಿದರು, ಅದರ ಹಿಂದಿನ ಕೊಠಡಿಯನ್ನು ನೋಡಿದ ಹಾಗೆ. ಇಪ್ಪತ್ತು ನಿಮಿಷದ ಓದಿನ ವಿಷಯ ಹೇಳಬಹುದಾಗಿದ್ದ ಇನ್ನೊಬ್ಬ ಆಸಾಮಿ ಆ ಹೊತ್ತಿಗೆ ಪುಸ್ತಕ ವಾಪಸಾತಿ ರಿಜಿಸ್ಟರಿನಲ್ಲಿ ಮುಖ ಹುದುಗಿಸಿದ್ದ. ಗ್ರಂಥಾಲಯದಲ್ಲಿ ಮೌನ ಕಾಪಾಡಿ ಎಂದು ಬೋರ್ಡ್ ಬರೆಸಿದವನೂ ಅವನೇ.

"ಅಂದ್ರೆ ಅವಳಿಗೆ ಮನಸ್ಸು ಬಂದಾಗ ಸುಮ್ಮನಿರ್ತಾಳೆ, ಮನಸ್ಸು ಬಂದಾಗ ಒದೀತಾಳೆ," ಎಂದು ಅಧ್ಯಕ್ಷರು ತಾವೇ ಉತ್ತರ ಹೇಳಿಕೊಂಡರು. ಟೀಸಿಗೆ ಸಹಿ ಬಿತ್ತು. ಕಾರಣದ ಜಾಗದಲ್ಲಿ "ಲಗತ್ತಿಸಿದ ಹಾಳೆ ನೋಡಿ" ಎಂದಿತ್ತು.

ತಾಯಿ ಸಮವಸ್ತ್ರದಲ್ಲೇ ಬಂದರು. ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಕೊನೆಗಿದ್ದ ಮಿಸ್ಸಿನ ಸಹಿಯನ್ನು ದಿನದ ಚೀಟಿಯಲ್ಲಿದ್ದ ಸಹಿಯ ಪಕ್ಕ ಹಿಡಿದು ನೋಡಿದರು. ಎರಡೂ ಒಂದೇ.

"ನಾನು ಎಂಥೆಂಥವರನ್ನೋ ಬಸ್ಸಲ್ಲಿ ನೋಡಿದೀನಿ ಮಿಸ್," ಎಂದರು. ದನಿ ಏರಲಿಲ್ಲ. "ಕುಡಿದವರು, ಕಚ್ಚಾಡೋರು. ಟಿಕೆಟ್ ಇದ್ದವರನ್ನ ನಡುದಾರೀಲಿ ಇಳಿಸೋ ಹಕ್ಕು ನಮಗಿಲ್ಲ. ಇವಳ ಹತ್ರ ಮೂವತ್ತು ಟಿಕೆಟ್ ಇದ್ವು, ಎಲ್ಲಾ ನೀವೇ ಹರಿದುಕೊಟ್ಟಿದ್ದು."

ರಬ್ಬರ್ ಬ್ಯಾಂಡ್ ಸಮೇತ ಆ ಕಟ್ಟನ್ನು ಮೇಜಿನ ಮೇಲಿಟ್ಟು ಹೋದರು. ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ತನ್ನ ಹಸಿರು ಕಾರ್ಡನ್ನೂ ಅದರ ಪಕ್ಕ ಇಟ್ಟಳು. ಡೆಸ್ಕ್ ತಳ್ಳಲಿಲ್ಲ. ಬಾಗಿಲು ಬಡಿಯಲೂ ಇಲ್ಲ. ನಿಧಾನವಾಗಿ ಎಳೆದುಕೊಂಡು ಹೋದಳು.

ಮಿಸ್ಸಿಗೆ ಆ ವರ್ಷ ಉತ್ತಮ ದಾಖಲೆ ನಿರ್ವಹಣೆಗೆ ಪ್ರಶಸ್ತಿಪತ್ರ ಬಂತು. ಕೊಠಡಿ ಉಳಿಯಿತು, ಹತ್ತೊಂಬತ್ತು ಮಕ್ಕಳೂ ಉಳಿದರು. ಸಮಾಧಾನ ಹೇಳೋಣವೆಂದು ಒಂದು ಮಧ್ಯಾಹ್ನ ಕಪಾಟು ದಾಟಿ ಹೋದೆ. ಅವರು ಒಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. ಮೂರು ಕಾಲಂ, ಒಂದೇ ಸಾಲು.

ಮೊದಲು: ಕೊಠಡಿ ಹೋಗುತ್ತದೆ ಎಂದರು. ಮಾಡಿದ್ದು: ಕಾಲಂ ತೆಗೆದಳು. ಆಮೇಲೆ: ಕೊಠಡಿ ಉಳಿಯಿತು, ಹೊಗಳಿದರು.

"ಪುಸ್ತಕದ ಪ್ರಕಾರ ಮುಂದೇನಾಗುತ್ತೆ ಹೇಳಿ ಸಾರ್."

ನನಗೆ ಗೊತ್ತಿತ್ತು, ಅವರೇ ಕಲಿಸಿದ್ದು: ಬಹುಮಾನ ಸಿಕ್ಕ ನಡತೆ ಮತ್ತೆ ಬರುತ್ತದೆ. ಬಾಯಿಗೆ ಬಂದ ಚಮತ್ಕಾರವನ್ನು ಅವತ್ತು ನುಂಗಿಕೊಂಡೆ.

ಮುಂದಿನ ಟರ್ಮಿಗೆ ಐದನೇ ತರಗತಿಯ ಒಂದು ಮಗುವಿನ ಹಾಳೆಯನ್ನು ಹೆಡ್‌ಮಿಸ್ ತರಿಸಿಕೊಂಡರು. ತಿದ್ದಿ ಕೊಡಿ ಎಂದು ಯಾರೂ ಹೇಳಿರಲಿಲ್ಲ. ಹಾಳೆಯನ್ನು ಒಯ್ದು ಕೊಟ್ಟವನು ನಾನೇ, ದಾರಿಯಲ್ಲಿ ತೆರೆದು ನೋಡಿದೆ. ಗೆರೆ ನೇರವಾಗಿತ್ತು, ಅಕ್ಷರ ಮುತ್ತಿನ ಹಾಗಿತ್ತು, ಕಾಲಂ ಎರಡೇ ಇದ್ದವು.