ಎಡಗಡೆ ಇಲ್ಲದ ಮಾಸ್ಟರ್

ಬೀದಿಯವರೆಲ್ಲ ಆ ದರ್ಜಿಯನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಕೋಟು ಹೊಲಿಯುವುದರಲ್ಲಿ ಅವರು ಎತ್ತಿದ ಕೈ. ತಪ್ಪು ಒಪ್ಪಿಕೊಳ್ಳುವುದರಲ್ಲಿ ಮಾತ್ರ ಕೈ ಏಳುತ್ತಲೇ ಇರಲಿಲ್ಲ. ಪ್ಯಾಂಟು ಬಿಗಿಯಾದರೆ ಗಿರಾಕಿ ಊದಿದ್ದಾನೆ, ಸಡಿಲವಾದರೆ ಸೊರಗಿದ್ದಾನೆ. ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ಕಾಜಾ, ಗುಂಡಿ, ಹೆಮ್ಮಿಂಗ್ ಎಲ್ಲ ಮುಗಿಸುತ್ತಿದ್ದವಳು ಹೆಂಡತಿ. ಆಕೆಯ ವಿಷಯ ಕೇಳಿದರೆ ಮಾಸ್ಟರ್, "ಮನೇಲಿ ಬೇಜಾರಂತೆ, ಬಂದು ಕೂತ್ಕೋತಾಳೆ" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಮಾಸ್ಟರ್ ಹೊಲಿಗೆ ಮಿಷನ್ನಿನ ಮೇಲೆಯೇ ಕುಸಿದರು. ಆಸ್ಪತ್ರೆಯಿಂದ ವಾಪಸಾದಾಗ ಕೈಕಾಲು ಆಡುತ್ತಿದ್ದವು, ನಾಲಿಗೆಯಂತೂ ಮೊದಲಿಗಿಂತ ಜೋರಾಗಿತ್ತು. ಗುಣವಾಯಿತೆಂದು ಎಲ್ಲರೂ ನೆಮ್ಮದಿಯ ನಿಟ್ಟುಸಿರು ಬಿಟ್ಟರು.

ಮಾಸ್ಟರ್ ಮತ್ತೆ ಹೊಲಿಯಲು ಕೂತ ಮೇಲೆ ವಕೀಲರೊಬ್ಬರು ಕೋಟು ಹಾಕಿ ನೋಡಲು ಬಂದರು. ಒಂದು ತೋಳು ಅಚ್ಚುಕಟ್ಟಾಗಿತ್ತು. ಇನ್ನೊಂದು, ಅಂದರೆ ಕೋಟನ್ನು ಮೇಜಿನ ಮೇಲೆ ಹರಡಿದಾಗ ಮಾಸ್ಟರಿಗೆ ಎಡಕ್ಕೆ ಬೀಳುವ ತೋಳು, ಕಚ್ಚಾ ಹೊಲಿಗೆಯಲ್ಲಿ ಜೋತಾಡುತ್ತಿತ್ತು.

"ಮಾಸ್ಟರ್, ಈ ತೋಳು?"

"ಅದಕ್ಕೇನಾಗಿದೆ? ನೆಟ್ಟಗೆ ನಿಂತ್ಕೊಳ್ಳಿ. ನೀವೇ ಸೊಟ್ಟಗಿದ್ದೀರಿ."

ವಕೀಲರು ಕನ್ನಡಿಯಲ್ಲಿ ತಮ್ಮ ಭುಜವನ್ನು ಅನುಮಾನದಿಂದ ನೋಡಿಕೊಂಡರು.

ಮನೆಯಲ್ಲೂ ಅದೇ ಪಾಡು. ತಟ್ಟೆಯ ಬಲಭಾಗ ಮಾತ್ರ ಖಾಲಿ ಮಾಡಿ, "ಇಷ್ಟೇನಾ ಬಡಿಸೋದು?" ಎಂದು ರೇಗಿದರು. ಹೆಂಡತಿ ಒಂದು ಗಳಿಗೆ ನೋಡಿ, ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಅನ್ನ ಪ್ರತ್ಯಕ್ಷವಾಯಿತು.

"ನೋಡು, ಗದರಿಸಿದ ಮೇಲೇ ಬರುತ್ತೆ!"

ಮರುದಿನವೇ ಆಕೆ ಗಂಡನನ್ನು ಡಾಕ್ಟರಮ್ಮನ ಬಳಿಗೆ ಎಳೆದೊಯ್ದಳು. ಗಡಿಯಾರ ಬರೆಯಿರಿ ಎಂದರೆ ಮಾಸ್ಟರ್ ಹನ್ನೆರಡು ಅಂಕಿಗಳನ್ನೂ ಬಲಗಡೆಯೇ ತುರುಕಿ, ಪೆನ್ನು ಸರಿಯಿಲ್ಲ ಎಂದರು.

"ಕಣ್ಣಿಗೇನೂ ಆಗಿಲ್ಲಮ್ಮ," ಡಾಕ್ಟರಮ್ಮ ಹೇಳಿದರು. "ಎಡಗಡೆ ಏನಿದೆ ಅಂತ ಗಮನ ಇಡೋದು ಮುಖ್ಯವಾಗಿ ಮಿದುಳಿನ ಬಲಭಾಗ. ಅಲ್ಲಿ ರಕ್ತದ ಹರಿವು ನಿಂತು ನರಗಳ ದಾರಿ ಕೆಟ್ಟಿದೆ. ಚಿತ್ರ ಕಣ್ಣಿಗೆ ಬಿದ್ರೂ ಅವರ ಗಮನಕ್ಕೆ ಬರಲ್ಲ. ಹಾಗೆ ಬರ್ತಿಲ್ಲ ಅನ್ನೋದೂ ಅವರಿಗೆ ತಿಳಿಯಲ್ಲ."

"ಆ ಎರಡನೇದು ಮದುವೆ ಆದಾಗಿಂದ ಇದೆ ಡಾಕ್ಟ್ರೇ," ಅಂದಳು ಹೆಂಡತಿ.

ಡಾಕ್ಟರಮ್ಮ ನಗು ನುಂಗಿಕೊಂಡರು. ಮಾಸ್ಟರನ್ನು ಮತ್ತೆ ಮತ್ತೆ ಎಡಕ್ಕೆ ತಿರುಗಿಸಬೇಕು, ಆ ಕಡೆಯಿಂದಲೇ ಮಾತಾಡಿಸಬೇಕು, ಅಭ್ಯಾಸ ಮಾಡಿಸಿದರೆ ಉಳಿದ ದಾರಿಗಳಲ್ಲೇ ಮಿದುಳು ಕೆಲಸ ಸಾಗಿಸಲು ಕಲಿತೀತು ಎಂದು ಹೇಳಿ ಕಳಿಸಿದರು.

ಆಕೆ ಮೇಜಿನ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿದಳು. ಅದನ್ನು ಮುಟ್ಟದೆ ಹೊಲಿಗೆ ಶುರುಮಾಡುವಂತಿಲ್ಲ. ಸ್ಟೂಲನ್ನೂ ಆ ಬದಿಗೇ ಎಳೆದುಕೊಂಡಳು. ಮಾಸ್ಟರ್ ಬಿಟ್ಟ ಅರ್ಧವನ್ನು ತಾನೇ ಹೊಲಿದಳು. ಅವರು ಸಿಡುಕಿದರೆ ಬೈಗುಳವೆಲ್ಲ ಬಲಗಡೆಯ ಗೋಡೆಗೆ ಬೀಳುತ್ತಿತ್ತು. ಮದುವೆಯಾದ ಮೇಲೆ ಆಕೆಗೆ ಇಷ್ಟು ನೆಮ್ಮದಿ ಸಿಕ್ಕಿದ್ದು ಅದೇ ಮೊದಲು. ಹಾಗಂತ ಪಟ್ಟಿಯನ್ನು ಕಿತ್ತುಹಾಕಲಿಲ್ಲ; ದಿನವೂ ಗಲ್ಲ ಹಿಡಿದು ಎಡಕ್ಕೆ ತಿರುಗಿಸಿದಳು. ಅದು ಆಕೆಯ ದೊಡ್ಡಗುಣ, ಅಥವಾ ದಡ್ಡತನ.

ತಿಂಗಳುಗಳು ಉರುಳಿದವು. ಒಂದು ಮಧ್ಯಾಹ್ನ ಪಟ್ಟಿ ಹುಡುಕುತ್ತ ಮಾಸ್ಟರ್ ಕತ್ತನ್ನು ತಾವಾಗಿಯೇ ಇನ್ನಷ್ಟು ಹೊರಳಿಸಿದರು. ಅಲ್ಲಿ ಹೆಂಡತಿ ಕೋಟಿಗೆ ತೋಳು ಹಚ್ಚುತ್ತಿದ್ದಳು.

"ನಿಂಗೆ ತೋಳು ಹಚ್ಚೋಕೆ ಬರುತ್ತಾ?"

"ನೋಡಿದ್ರಲ್ಲ."

ಮಾಸ್ಟರ್ ಕೋಟು ಕಿತ್ತುಕೊಂಡು ಹೊಲಿಗೆ ಎಳೆದರು, ಬೆಳಕಿಗೆ ಹಿಡಿದರು, ಒಳಹೊರಗು ಮಾಡಿದರು. ಎಲ್ಲೂ ಕೊಂಕು ಸಿಗಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡು, "ದಾರ ಸ್ವಲ್ಪ ಬಿಗಿ" ಎಂದರು.

ಅಂದಿನಿಂದ ಆಕೆ ಇಡೀ ಕೋಟುಗಳನ್ನೇ ಹೊಲಿಯತೊಡಗಿದಳು. ಗಿರಾಕಿಗಳು ಹೊಗಳಿದಾಗಲೆಲ್ಲ ಮಾಸ್ಟರ್ ಎದೆಯುಬ್ಬಿಸಿ, "ಎಲ್ಲ ನಾನೇ ಕಲಿಸಿದ್ದು" ಅನ್ನುತ್ತಿದ್ದರು. ಆಗ ಆಕೆ ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ತೆಗೆಯುತ್ತಿರಲಿಲ್ಲ. ತೆಗೆದರೆ ಏನಾದರೂ ಅಂದುಬಿಡುವ ಭಯ.